ಎಲ್-12 ಎಲ್ಲಿಂದ ತರುವುದು? ಒಂದು ತರಂಗ ಸಮೀಕರಣ, ಮೂರು ದಾರಿ

ಪರಿಹಾರ ಇರಬೇಕು, ಒಂದೇ ಇರಬೇಕು, ಆರಂಭಿಕ ದತ್ತವನ್ನು ಚೂರು ಅಲುಗಿಸಿದರೆ ಪರಿಹಾರವೂ ಚೂರೇ ಅಲುಗಬೇಕು. ಫ್ರೆಂಚ್ ಗಣಿತಜ್ಞ ಆಡಮಾರ್ ಹೆಸರಿನಲ್ಲಿ ಎಲ್ಲರೂ ಕಲಿಯುವ ಷರತ್ತುಗಳು ಇವು ಮೂರೇ. ಮೂರು ಆಯಾಮಗಳ ಅರೇಖೀಯ ತರಂಗ ಸಮೀಕರಣವೊಂದನ್ನು ಹಿಡಿದು, ಈ ಷರತ್ತುಗಳನ್ನು ಮೂರು ಬೇರೆ ಬೇರೆ ವಿಧಾನಗಳಿಂದ ಸಾಧಿಸಲು ನಾನೇ ಕೈಯಾರೆ ಲೆಕ್ಕ ಮಾಡಿ ನೋಡಿದೆ. ಹುಡುಕುತ್ತಿರುವ ಅಲೆಯನ್ನು ಯು ಎನ್ನೋಣ; ಅರೇಖೀಯ ಪದ ಮೊದಲು ಯು ಘಾತ 3, ಆಮೇಲೆ ಘಾತ 5. ಚಿಹ್ನೆ ಶಕ್ತಿಯನ್ನು ಧನಾತ್ಮಕವಾಗಿಡುವಂಥದ್ದು. ದತ್ತದ ಬಗ್ಗೆ ಶಕ್ತಿ ಸಾಂತ ಎಂಬುದಷ್ಟೇ ಊಹೆ.

ಮೊದಲು ಹಿಡಿದದ್ದು ಗಲೇರ್ಕಿನ್ ದಾರಿ. ಸಮೀಕರಣವನ್ನು ಸಾಂತ ಆಯಾಮಕ್ಕೆ ಕತ್ತರಿಸಿ, ಸಾಮಾನ್ಯ ಅವಕಲ ಸಮೀಕರಣಗಳನ್ನು ಬಿಡಿಸಿ, ಶಕ್ತಿಯ ಮಿತಿಯ ಬಲದಿಂದ ಸೀಮೆಗೆ ಹೋಗುವುದು. ಘಾತ 3 ಆದರೇನು, 5 ಆದರೇನು, ದುರ್ಬಲ ಪರಿಹಾರ, ಅಂದರೆ ಸಮೀಕರಣವನ್ನು ಸರಾಸರಿಯ ಅರ್ಥದಲ್ಲಷ್ಟೇ ಪಾಲಿಸುವಂಥದ್ದು, ಎಲ್ಲ ಕಾಲಕ್ಕೂ ಸಿಕ್ಕಿಬಿಡುತ್ತದೆ. ಸೀಗಲ್ 1963ರಲ್ಲೇ ಇಂಥ ದುರ್ಬಲ ಪರಿಹಾರಗಳನ್ನು ಕಟ್ಟಿದ್ದರು. ಆದರೆ ಅನನ್ಯತೆಗೆ, ಅಂದರೆ ಪರಿಹಾರ ಒಂದೇ ಎಂಬ ಷರತ್ತಿಗೆ ಬಂದಾಗ ಪೆನ್ನು ನಿಂತಿತು. ಎರಡು ಪರಿಹಾರಗಳ ವ್ಯತ್ಯಾಸ ಡಬ್ಲ್ಯೂ ಎನ್ನೋಣ. ಘಾತ 5ರಲ್ಲಿ ಡಬ್ಲ್ಯೂ ಗುಣಿಸು ಯು ಘಾತ 4 ಎಂಬ ಪದವನ್ನು ಎಲ್-2ರಲ್ಲಿ ಹಿಡಿಯಬೇಕು, ಅಂದರೆ ಅದರ ವರ್ಗದ ಅನುಕಲ ಸಾಂತವಾಗಿರಬೇಕು; ಎಲ್-6, ಎಲ್-12 ಎಂದರೆ ಹಾಗೆಯೇ 6ನೇ, 12ನೇ ಘಾತದ ಅನುಕಲ ಸಾಂತ. ಡಬ್ಲ್ಯೂಗೆ ಎಲ್-6 ಕೊಟ್ಟರೆ ಯುಗೆ ಎಲ್-12 ಬೇಕಾಗುತ್ತದೆ. ಶಕ್ತಿಯ ಕೈಯಲ್ಲಿರುವುದು ಎಲ್-6 ಮಾತ್ರ.

ಎರಡನೆಯದು ಸೊಬೊಲೆವ್ ಅಸಮತೆಯ (ಶಕ್ತಿ ಸಾಂತವಾದರೆ ಯು ಎಲ್-6ರಲ್ಲಿದೆ ಎನ್ನುವುದು) ಜೊತೆಗೆ ಸಂಕೋಚನ ತತ್ತ್ವ (ಪ್ರತಿ ಸುತ್ತಿಗೂ ಅಂತರ ಕುಗ್ಗಿಸುತ್ತಾ ಒಂದೇ ಪರಿಹಾರಕ್ಕೆ ಒಯ್ಯುವುದು). ಘಾತ 3ಕ್ಕೆ ಇದರಷ್ಟು ಸೊಗಸಾದ ದಾರಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಯು ಎಲ್-6ರಲ್ಲಿದ್ದರೆ ಅದರ ಘನ ತಾನಾಗಿಯೇ ಎಲ್-2ರಲ್ಲಿರುತ್ತದೆ. ಒಂದೂವರೆ ಪುಟದಲ್ಲಿ ಮೂರೂ ಷರತ್ತುಗಳು ಮುಗಿದವು. ಸಿಗುವ ಕಾಲಾವಧಿ ಶಕ್ತಿಯ ಗಾತ್ರವನ್ನಷ್ಟೇ ಅವಲಂಬಿಸಿದೆ, ಶಕ್ತಿಯೋ ಬದಲಾಗುವುದಿಲ್ಲ; ಅಷ್ಟೇ ಉದ್ದದ ಹೆಜ್ಜೆಗಳನ್ನು ಇಡುತ್ತಾ ಎಲ್ಲಿಯವರೆಗೂ ಹೋಗಬಹುದು. ಘಾತ 5ಕ್ಕೆ ಇದೇ ಲೆಕ್ಕ ಎಲ್-10 ಕೇಳುತ್ತದೆ, ಸೊಬೊಲೆವ್ ಕೊಡುವುದಿಲ್ಲ. ಅಲ್ಲಿಗೆ ಮುಗಿಯಿತು.

ಉಳಿದದ್ದು ಸ್ಟ್ರಿಕಾರ್ಟ್ಸ್ ಅಂದಾಜುಗಳು, 1977ರ ಫಸಲು. ಅಲೆ ಹರಡುತ್ತಾ ತೆಳುವಾಗುತ್ತದೆ ಎಂಬ ಸಂಗತಿಯನ್ನು ಇವು ಕಾಲ ಮತ್ತು ದೇಶ ಎರಡರಲ್ಲೂ ಸರಾಸರಿ ತೆಗೆದು ಹಿಡಿಯುತ್ತವೆ. ಇಲ್ಲಿ ನಾನು ಎರಡು ದಿನ ಕಳೆದುಕೊಂಡೆ. ಕಾಲದಲ್ಲಿ ಎಲ್-2, ದೇಶದಲ್ಲಿ ಎಲ್-ಅನಂತ (ಗರಿಷ್ಠ ಬೆಲೆಗೇ ಮಿತಿ) ಎಂಬ ಜೋಡಿ ಅಳತೆಯ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಯು ಘಾತ 5ನ್ನು ಎರಡು ಮತ್ತು ಮೂರಾಗಿ ಒಡೆದು, ಎರಡನ್ನು ಎಲ್-ಅನಂತಕ್ಕೂ ಮೂರನ್ನು ಎಲ್-6ಕ್ಕೂ ಕೊಟ್ಟರೆ ಇಡೀ ಸಾಧನೆ ನಾಲ್ಕು ಸಾಲು. ಅಷ್ಟು ಚೆನ್ನಾಗಿದ್ದಾಗಲೇ ಅನುಮಾನ ಬರಬೇಕಿತ್ತು! ಮೂರು ಆಯಾಮಗಳಲ್ಲಿ, ಜೋಡಿಗಳ ಸಾಲಿನ ಅಂಚಿನಲ್ಲಿರುವ ಆ ಅಂದಾಜು ಸುಳ್ಳು; ಕ್ಲೈನರ್‌ಮನ್ ಮತ್ತು ಮಕೆಡನ್ 1993ರಲ್ಲಿ ತೋರಿಸಿದ್ದಾರೆ. ಗೋಳ ಸಮಮಿತಿಯ ದತ್ತಕ್ಕಾದರೆ ಅದು ನಿಲ್ಲುತ್ತದೆ.

ಅಂಚಿನಿಂದ ಹಿಂದೆ ಸರಿದು ಕಾಲದಲ್ಲಿ ಎಲ್-4, ದೇಶದಲ್ಲಿ ಎಲ್-12 ತೆಗೆದುಕೊಂಡೆ. ಗಲೇರ್ಕಿನ್ ದಾರಿಯಲ್ಲಿ ಬೇಡಿ ಸಿಗದಿದ್ದ ಅದೇ ಎಲ್-12! ಯುವಿನ ನಾಲ್ಕು ಪಾಲಿಗೆ ಅದು, ಉಳಿದ ಒಂದಕ್ಕೆ ಎಲ್-6. ಕಾಲದ ಘಾತವೂ ಸರಿಯಾಗಿ ನಾಲ್ಕು. ಮೂರೂ ಷರತ್ತುಗಳು ಸಿಕ್ಕವು.

ಬೆಲೆ ಬೇರೆ ಕಡೆ ತೆರಬೇಕು. ಘಾತ 5ರಲ್ಲಿ ಕಾಲಾವಧಿ ದತ್ತದ ಆಕಾರವನ್ನು ನೋಡುತ್ತದೆ. ಶಕ್ತಿ ಬದಲಿಸದೆ ಅಲೆಯನ್ನು ಹತ್ತು ಪಟ್ಟು ಹಿಂಡಿದರೆ ಅವಧಿಯೂ ಹತ್ತು ಪಟ್ಟು ಕುಗ್ಗುತ್ತದೆ. ಒಂದು, ಅರ್ಧ, ಕಾಲು ಎಂದು ಹೆಜ್ಜೆಗಳು ಕಿರಿದಾಗುತ್ತಾ ಹೋದರೆ ಎಷ್ಟು ಹೆಜ್ಜೆ ಇಟ್ಟರೂ ಎರಡನ್ನು ದಾಟುವುದಿಲ್ಲ. ಶಕ್ತಿ ಹಾಗೆ ಒಂದು ಬಿಂದುವಿನಲ್ಲಿ ಒಟ್ಟುಗೂಡುವುದಿಲ್ಲ ಎಂದು ಗೋಳ ಸಮಮಿತಿಯಲ್ಲಿ ಸ್ಟ್ರೂವೆ 1988ರಲ್ಲಿ ಸಾಧಿಸಿದರು. ನಯವಾದ ಸಾಮಾನ್ಯ ದತ್ತಕ್ಕೆ ಗ್ರಿಲಾಕಿಸ್ 1990ರಲ್ಲಿ ಸಾಧಿಸಿದರು. ಆ ಭಾಗವನ್ನು ನಾನು ಸ್ವಂತವಾಗಿ ಕಟ್ಟಲಿಲ್ಲ, ಓದಿ ಒಪ್ಪಿಕೊಂಡೆ.

ನನ್ನ ಆಯ್ಕೆ ಕೇಳಿದರೆ, ಘಾತ 3ಕ್ಕೆ ಸ್ಟ್ರಿಕಾರ್ಟ್ಸ್ ತರುವುದು ಇರುವೆಗೆ ಕೊಡಲಿ ಎತ್ತಿದ ಹಾಗೆ. ಶಕ್ತಿಗಿಂತ ಒರಟು ದತ್ತ ಬೇಕೆಂದರೆ ಮಾತ್ರ ಅದು. ಘಾತ 5ಕ್ಕೆ ಅದನ್ನು ಬಿಟ್ಟು ಮುಂದೆ ಹೋಗಲಾಗಲಿಲ್ಲ. ಕುತೂಹಲಕ್ಕೆ ಘಾತ 7 ಕೂಡ ನೋಡಿದೆ. ಈಗ ಅನನ್ಯತೆ ಎಲ್-18 ಕೇಳುತ್ತದೆ, ಸ್ಟ್ರಿಕಾರ್ಟ್ಸ್ ಅದನ್ನು ಕೊಡಲು ದತ್ತದಲ್ಲಿ 7/6 ಅವಕಲನ ಕೇಳುತ್ತದೆ. ಶಕ್ತಿಯ ಬಳಿ ಇರುವುದು ಒಂದೇ ಒಂದು. ಆ 1/6ರ ಸಾಲ ತೀರದೆ, ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗಲೇರ್ಕಿನ್‌ನ ದುರ್ಬಲ ಪರಿಹಾರ ಒಂಟಿಯಾಗಿ ಉಳಿದಿದೆ. ಅದು ಒಂದೋ ಹಲವೋ ಎಂಬ ಪ್ರಶ್ನೆಯ ಎದುರು ಜಾಗ ಖಾಲಿ ಬಿಟ್ಟಿದ್ದೇನೆ.