ಬಾರ್ಬಡೋಸ್‌ನಲ್ಲಿ ಒಂದು ಹಗಲು: ಹಡಗಿನ ಟೂರ್‌ಗೆ ಎರಡು ನಕ್ಷತ್ರ, ಬೆಂಡೆಕಾಯಿ ಮುದ್ದೆಗೆ ಐದು

ಹಡಗಿನವರ ಟೂರ್‌ಗೆ ತಲೆಗೆ 79 ಅಮೆರಿಕನ್ ಡಾಲರ್. ನಾವು ಐದು ಜನ. "ಅಪ್ಪಾ, ಲೆಕ್ಕ ಹಾಕಬೇಡಿ" ಎಂದಳು ಮಗಳು. ಮೂವತ್ತಾರು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನು ನಾನು; ಅವಳು ಹೇಳಿ ಮುಗಿಸುವ ಮೊದಲೇ ಹಾಕಿಯಾಗಿತ್ತು. 395 ಡಾಲರ್. ಆ ಹಣಕ್ಕೆ ಬೆಳಿಗ್ಗೆ ಸಿಕ್ಕಿದ್ದೇನು, ಮಧ್ಯಾಹ್ನ ನಾನೂ ನನ್ನ ಹೆಂಡತಿಯೂ 31 ಡಾಲರ್‌ನಲ್ಲಿ ಕಂಡದ್ದೇನು ಎಂಬುದನ್ನು, ಇನ್ನು ಅಲ್ಲಿಗೆ ಹೋಗುವವರಿಗಾಗಿ ಬರೆಯುತ್ತಿದ್ದೇನೆ.

ನ್ಯೂಜೆರ್ಸಿಯಲ್ಲಿರುವ ಮಗಳು ಅಳಿಯ ನಮ್ಮನ್ನು ಪೋರ್ಟೊ ರಿಕೊದ ಸಾನ್ ಹುವಾನ್‌ನಿಂದ ಹೊರಡುವ ಪ್ರವಾಸಿ ಹಡಗಿಗೆ ಹತ್ತಿಸಿದ್ದರು. ಜನವರಿಯ ಒಂದು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ರಾಜಧಾನಿ ಬ್ರಿಜ್‌ಟೌನ್ ಬಂದರು. ಸಂಜೆ ಐದೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು. ಇಳಿಯುವ ಮೊದಲೇ ಒಂದು ಅಡಚಣೆ. ಮೊಮ್ಮಗ ಸೈನಿಕರ ಬಟ್ಟೆಯಂಥ ಹಸಿರು ಚುಕ್ಕೆಯ ಚಡ್ಡಿ ಹಾಕಿಕೊಂಡಿದ್ದ. ಬಾರ್ಬಡೋಸ್‌ನಲ್ಲಿ ಆ ವಿನ್ಯಾಸದ ಬಟ್ಟೆಯನ್ನು ಸೈನಿಕರಲ್ಲದೆ ಬೇರೆ ಯಾರೂ ತೊಡುವಂತಿಲ್ಲ, ಅದು ಕಾನೂನು. ಅಳಿಯ ಮತ್ತೆ ಒಂಬತ್ತನೇ ಮಹಡಿಗೆ ಹೋಗಿ ಬೇರೆ ಚಡ್ಡಿ ತರುವಷ್ಟರಲ್ಲಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟುಗಳೆಲ್ಲ ಹೋಗಿದ್ದವು. ಮಕ್ಕಳಿರುವವರು ಪೆಟ್ಟಿಗೆ ತುಂಬುವಾಗಲೇ ನೋಡಿಕೊಳ್ಳಿ.

ಟೂರ್ ನಾಲ್ಕು ಗಂಟೆಯದು. ದ್ವೀಪ ಉದ್ದಕ್ಕೆ 34 ಕಿಲೋಮೀಟರ್, ಅಗಲಕ್ಕೆ 23. ನಾಲ್ಕು ಗಂಟೆಯಲ್ಲಿ ಬೇಕಾದಷ್ಟು ನೋಡಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಪಶ್ಚಿಮ ಕರಾವಳಿಯ ಇಕ್ಕಟ್ಟಾದ ರಸ್ತೆಯಲ್ಲಿ ನಾಲ್ಕೈದು ಟೂರ್ ಬಸ್ಸುಗಳು ಒಂದರ ಬಾಲ ಒಂದು ಹಿಡಿದು ತೆವಳಿದವು. ಹೋಲ್‌ಟೌನ್‌ನಲ್ಲಿ ಹತ್ತು ನಿಮಿಷ. ಇಂಗ್ಲಿಷರು ಮೊದಲು ಕಾಲಿಟ್ಟ ನೆನಪಿಗೆ ಅಲ್ಲಿ ಒಂದು ಕಲ್ಲಿನ ಸ್ಮಾರಕವಿದೆ. ಅದರ ಮೇಲೆ ಕೆತ್ತಿರುವ ಇಸವಿ 1605. ಅವರು ಬಂದದ್ದು 1625ರಲ್ಲಿ, ನೆಲೆ ನಿಂತದ್ದು 1627ರಲ್ಲಿ. ಕಲ್ಲಿನಲ್ಲಿ ಕೆತ್ತಿದ ತಪ್ಪನ್ನು ಗೈಡ್ ಹೆಂಗಸು ನಗುನಗುತ್ತಾ ತೋರಿಸಿದರು. ಅವರ ಬಗ್ಗೆ ನನ್ನದೇನೂ ದೂರಿಲ್ಲ, ಕೊಟ್ಟ ಎರಡು ನಕ್ಷತ್ರವೂ ಅವರದೇ. ಸಮುದ್ರದ ದಂಡೆಯಲ್ಲಿ ಕೆಂಪು ಬಣ್ಣದ ಪಟ್ಟಿ ಬಳಿದ ಮರವೊಂದನ್ನು ತೋರಿಸಿ, "ಮಳೆ ಬಂದರೆ ಇದರಡಿ ಮಾತ್ರ ನಿಲ್ಲಬೇಡಿ" ಎಂದದ್ದೂ ಅವರೇ. ಮ್ಯಾಂಚಿನೀಲ್ ಎಂಬ ಆ ಮರದ ಹಣ್ಣು ಪುಟ್ಟ ಹಸಿರು ಸೇಬಿನಂತೆ ಕಾಣುತ್ತದೆ. ಹಣ್ಣೂ ವಿಷ, ಹಾಲೂ ವಿಷ, ಎಲೆಯಿಂದ ತೊಟ್ಟಿಕ್ಕಿದ ಮಳೆನೀರು ತಾಗಿದರೂ ಬೊಬ್ಬೆ ಏಳುತ್ತದೆ. ನಮ್ಮೂರಿನ ಹೊಳೆಗೇರಿನ ದಾಯಾದಿ ಎಂದುಕೊಂಡೆ.

ಪೂರ್ವದ ಬತ್‌ಶೇಬಾದಲ್ಲಿ ಅಟ್ಲಾಂಟಿಕ್ ಸಾಗರ ದೊಡ್ಡ ದೊಡ್ಡ ಬಂಡೆಗಳ ಬುಡ ಕೊರೆದು ಅಣಬೆಗಳಂತೆ ನಿಲ್ಲಿಸಿದೆ. ಅಲೆಗಳ ಅಬ್ಬರಕ್ಕೆ ಅಲ್ಲಿ ಈಜುವವರಿಲ್ಲ, ಹಲಗೆ ಹಿಡಿದು ಅಲೆ ಏರುವವರು ಮಾತ್ರ. ಮರವಂತೆಯ ಮಳೆಗಾಲ ನೋಡಿ ಬೆಳೆದವನಿಗೂ ಅಲ್ಲಿ ಸುಮ್ಮನೆ ನಿಲ್ಲಬೇಕು ಅನ್ನಿಸಿತು. ನಿಂತದ್ದು ಹದಿನೈದು ನಿಮಿಷ. ಆಮೇಲೆ ಒಂದು ನೆನಪಿನ ಕಾಣಿಕೆಗಳ ಅಂಗಡಿಯ ಮುಂದೆ ಬಸ್ಸು ನಲವತ್ತು ನಿಮಿಷ ನಿಂತಿತು. ಟೂರ್ ಯಾರ ಅನುಕೂಲಕ್ಕೆ ಎಂಬುದು ಈ ಎರಡು ಅಂಕಿಗಳಲ್ಲೇ ಇದೆ.

ಒಂದು ಗಂಟೆಗೆ ಬಂದರಿನಲ್ಲಿ ಇಳಿಸಿದರು. ಮಕ್ಕಳು ಕಾರ್ಲೈಲ್ ಕೊಲ್ಲಿಗೆ ಆಮೆ ನೋಡಲು ಹೋದರು. ನಾವಿಬ್ಬರು ಊರಿನ ಕಡೆಗೆ ನಡೆದೆವು. ಚೀಪ್‌ಸೈಡ್ ಮಾರುಕಟ್ಟೆಗೆ ಬಂದರಿನಿಂದ ಸಮುದ್ರದ ಪಕ್ಕದ ರಸ್ತೆಯಲ್ಲೇ ದಾರಿ; ಟ್ಯಾಕ್ಸಿಯವರು ದೂರ ಎನ್ನುತ್ತಾರೆ, ನಂಬಬೇಡಿ.

ಊಟ ಮಾಡಿದ್ದು ಆರು ಮೇಜುಗಳ ಒಂದು ಅಂಗಡಿಯಲ್ಲಿ. ಹೊರಗೆ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೂಕೂ ಮತ್ತು ಹಾರುಮೀನು ಎಂದು ಬರೆದಿತ್ತು. ಅದು ಈ ದೇಶದ ರಾಷ್ಟ್ರೀಯ ಊಟ, ಹೆಚ್ಚಾಗಿ ಶುಕ್ರವಾರ ಮಾಡುತ್ತಾರೆ, ನಮ್ಮ ಪುಣ್ಯ. ಒಂದು ತಟ್ಟೆಗೆ 25 ಬಾರ್ಬಡೋಸ್ ಡಾಲರ್. ಅಡುಗೆಯವರು ಕಣ್ಣೆದುರೇ ಕೆಲಸ ಮಾಡುತ್ತಿದ್ದರು. ಬೆಂಡೆಕಾಯಿ ಬಿಲ್ಲೆಗಳನ್ನು ಬೇಯಿಸಿದ ಲೋಳೆ ನೀರನ್ನು ಸ್ವಲ್ಪ ಸ್ವಲ್ಪವೇ ಹುಯ್ಯುತ್ತಾ ಮೆಕ್ಕೆಜೋಳದ ಹಿಟ್ಟನ್ನು ತಿರುವುವುದು. ತಿರುವುವ ಕೋಲು ಚಪ್ಪಟೆ, ಥೇಟು ಮಕ್ಕಳ ಕ್ರಿಕೆಟ್ ಬ್ಯಾಟು. ನನ್ನ ಹೆಂಡತಿ ಮಂಡ್ಯದ ಕಡೆಯವಳು. ಆ ಕೋಲು ಪಾತ್ರೆಯ ಅಂಚಿಗೆ ಒತ್ತಿ ತಿರುಗುವುದನ್ನು ನೋಡುತ್ತಲೇ, "ರೀ, ಗಂಟಿಲ್ಲದೆ ಕೂಡಿಸುವುದು ನೋಡಿ" ಎಂದು ನನ್ನ ತೋಳು ಹಿಡಿದಳು. ಬೆಣ್ಣೆ ಸವರಿದ ಬಟ್ಟಲಿಗೆ ಹಾಕಿ, ಒಮ್ಮೆ ಗಿರಕಿ ಹೊಡೆಸಿ, ತಟ್ಟೆಗೆ ಬೋರಲು ಹಾಕಿದರೆ ನುಣ್ಣನೆಯ ಹಳದಿ ಮುದ್ದೆ, ಅದೇ ಕೂಕೂ. ನಡುವೆ ಚಮಚದ ಬೆನ್ನಿನಿಂದ ಕುಳಿ ಮಾಡಿ ಗೊಜ್ಜು ತುಂಬುತ್ತಾರೆ: ಟೊಮೆಟೊ, ಈರುಳ್ಳಿ, ನಿಂಬೆರಸ, ಥೈಮ್ ಎಂಬ ಸೊಪ್ಪು. ಮೀನನ್ನು ಮುಳ್ಳು ತೆಗೆದು, ಸುರುಳಿ ಸುತ್ತಿ, ಆ ಗೊಜ್ಜಿನಲ್ಲೇ ಬೇಯಿಸಿರುತ್ತಾರೆ.

ಹಾರುಮೀನನ್ನು ಅಂದು ಬೆಳಿಗ್ಗೆಯೇ ಹಡಗಿನ ಕಟಕಟೆಯಿಂದ ನೋಡಿದ್ದೆ. ಹಡಗು ಸೀಳಿದ ನೀರಿನಿಂದ ಬೆಳ್ಳಿಯ ಚೂರುಗಳಂತೆ ಚಿಮ್ಮಿ, ರೆಕ್ಕೆ ಬಿಚ್ಚಿ, ಅಲೆಯ ಮೇಲೆ ತೇಲಿ ಮರೆಯಾಗುತ್ತಿದ್ದವು. ಅವರ ಒಂದು ಡಾಲರ್ ನಾಣ್ಯಕ್ಕೆ ಏಳು ಮೂಲೆ, ಅದರ ಮೇಲೂ ಇದೇ ಮೀನು. ಬಾಯಿಗೆ ಅದು ಕಾಣೆಯಷ್ಟು ಮೃದುವಲ್ಲ, ಬಂಗುಡೆಯಷ್ಟು ಕೊಬ್ಬಿಲ್ಲ. ಮುಳ್ಳಿನ ಲೆಕ್ಕ ಗೊತ್ತಿರುವ ಕುಂದಾಪುರದವನಾಗಿ ಹೇಳುತ್ತೇನೆ, ಒಂದೇ ಒಂದು ಮುಳ್ಳು ಸಿಗಲಿಲ್ಲ. ಅಷ್ಟು ಸಣ್ಣ ಮೀನಿನಲ್ಲಿ ಅದು ವರ್ಷಗಟ್ಟಲೆ ಪಳಗಿದ ಕೈ. ನಾನು ಕೂಕೂ ಅಗಿಯತೊಡಗಿದೆ. "ಅಗಿಯಬೇಡಿ, ನುಂಗಿ" ಎಂದಳು ಇವಳು, ಮದುವೆಯಾದ ಹೊಸದರಲ್ಲಿ ಅತ್ತೆಮನೆಯಲ್ಲಿ ಹೇಳಿದ ಹಾಗೆಯೇ. ನುಂಗಿದೆ. ಲೋಳೆ ಇದ್ದುದರಿಂದ ಜಾರಿತು. ಪಕ್ಕದ ಸೀಸೆಯಲ್ಲಿದ್ದ ಹಳದಿ ಮೆಣಸಿನ ಸಾಸಿವೆ ಗೊಜ್ಜನ್ನು ಮಾತ್ರ ಚಮಚದ ತುದಿಯಲ್ಲಿ ಹಾಕಿಕೊಳ್ಳಿ. ಬ್ಯಾಡಗಿಯ ಅಭ್ಯಾಸದಲ್ಲಿ ಸುರಿದುಕೊಂಡರೆ ಕಿವಿ ಹೊಗೆಯಾಡುತ್ತದೆ.

ಮೀನು ದುಬಾರಿಯಾಗಿದೆ ಎಂದರು ಅಡುಗೆಯ ಆ ತಾಯಿ. 2024ರ ಜುಲೈ ಮೊದಲ ದಿನ ಬೆರಿಲ್ ಚಂಡಮಾರುತ ಪಕ್ಕದಲ್ಲೇ ಹಾದುಹೋದಾಗ ಬ್ರಿಜ್‌ಟೌನ್‌ನ ಮೀನುಗಾರಿಕಾ ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ಬಡಿದು ಒಡೆದವು. ಅವರ ತಮ್ಮನ ದೋಣಿಯೂ ಅದರಲ್ಲಿತ್ತು. ನನಗೆ ಮಾತು ಸಿಕ್ಕಿಕೊಂಡಿತು. ಬೆರಿಲ್ ಎಂದರೆ ಅಲ್ಲಿಯವರೆಗೆ ನನಗೆ ಗೊತ್ತಿದ್ದದ್ದು ಇಷ್ಟೇ: ವಿಶ್ವಕಪ್ ಗೆದ್ದ ನಮ್ಮ ತಂಡ ವಿಮಾನವಿಲ್ಲದೆ ಅಲ್ಲಿ ಸಿಕ್ಕಿಕೊಂಡಿದ್ದು.

ಮಾರುಕಟ್ಟೆಯಲ್ಲಿ ಜೀಗುಜ್ಜೆ ರಾಶಿ ಬಿದ್ದಿತ್ತು. ಸಣ್ಣ ಬೋರೆಹಣ್ಣನ್ನು ಅಲ್ಲಿ ಡಂಕ್ಸ್ ಎನ್ನುತ್ತಾರೆ, ಪೊಟ್ಟಣ ಕಟ್ಟಿ ಮಾರುತ್ತಾರೆ. ಒಬ್ಬ ಅಜ್ಜಿಯ ಬುಟ್ಟಿಯಲ್ಲಿ ಸಕ್ಕರೆ ಹೊರಳಿಸಿದ ಹುಣಸೆ ಉಂಡೆಗಳಿದ್ದವು, ಬೀಜದ ಸಮೇತ, ಒಳಗೆ ಖಾರ. ಬಾಯಿಗೆ ಹಾಕಿಕೊಂಡ ಇವಳು ಕಣ್ಣು ಮುಚ್ಚಿದಳು. "ಚಿಗಳಿ" ಎಂದಳು. ಐದು ಬಾರ್ಬಡೋಸ್ ಡಾಲರ್‌ಗೆ ಒಂದು ಪೊಟ್ಟಣ.

ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ಅಲ್ಲಿಂದ ಕಾಲ್ನಡಿಗೆಯಲ್ಲೇ. ಹೊರಗೆ ಇಲ್ಲಿನ ಹೆಸರಾಂತ ಆಟಗಾರ ಗ್ಯಾರಿ ಸೋಬರ್ಸ್ ಪ್ರತಿಮೆ ಬ್ಯಾಟ್ ಬೀಸಿ ನಿಂತಿದೆ. ಪಂದ್ಯವಿರಲಿಲ್ಲ, ಗೇಟು ಅರ್ಧ ತೆರೆದಿತ್ತು. ಭಾರತದಿಂದ ಬಂದಿದ್ದೇವೆ ಎಂದದ್ದಕ್ಕೆ ಕಾವಲುಗಾರ ನಕ್ಕು ಹತ್ತು ನಿಮಿಷ ಒಳಗೆ ಬಿಟ್ಟ. ನಾವು ಬಾಯಿ ಬಿಡುವ ಮೊದಲೇ ಬೌಂಡರಿಯ ಕಡೆಗೆ ಬೆರಳು ತೋರಿಸಿದ. 2024ರ ಜೂನ್ 29, ವಿಶ್ವಕಪ್ ಫೈನಲ್, ಕೊನೆಯ ಓವರ್, ದಕ್ಷಿಣ ಆಫ್ರಿಕಾಕ್ಕೆ ಬೇಕಾದದ್ದು 16, ಹಾರ್ದಿಕ್‌ನ ಮೊದಲ ಎಸೆತ, ಮಿಲ್ಲರ್ ಎತ್ತಿ ಹೊಡೆದದ್ದು, ಸೂರ್ಯಕುಮಾರ್ ಹಗ್ಗದಾಚೆ ಹೋಗಿ ಈಚೆ ಬಂದು ಹಿಡಿದದ್ದು. ಬೆರಳು ತೋರಿಸಿ ತೋರಿಸಿ ಅಭ್ಯಾಸವಾಗಿರಬೇಕು. ನನ್ನ ಕಣ್ಣು ಮಾತ್ರ ನಡುವಿನ ಪಿಚ್ಚಿನ ಮೇಲಿತ್ತು. 1997ರ ಮಾರ್ಚಿನಲ್ಲಿ ಇಲ್ಲೇ 120 ರನ್ ಬೆನ್ನಟ್ಟಲಾಗದೆ 81ಕ್ಕೆ ಮಡಿದ ತಂಡಕ್ಕಾಗಿ ಕುಂದಾಪುರದಲ್ಲಿ ನಿದ್ದೆಗೆಟ್ಟವನು ನಾನು. ಆ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ನಮ್ಮ ದ್ರಾವಿಡ್ 78 ಹೊಡೆದಿದ್ದರು, ವೆಂಕಟೇಶ್ ಪ್ರಸಾದ್ ಐದು ವಿಕೆಟ್ ಕಿತ್ತಿದ್ದರು. ಇಪ್ಪತ್ತೇಳು ವರ್ಷದ ಮೇಲೆ ಅದೇ ಹುಲ್ಲಿನ ಮೇಲೆ ಕೋಚ್ ಆಗಿ ದ್ರಾವಿಡ್ ಕಪ್ ಹಿಡಿದು ಕಿರುಚಿದರು. ಹುಲ್ಲು ಮುಟ್ಟಲೇ ಎಂದು ಕೇಳಿದೆ. ಇಲ್ಲ ಎಂದ. ಅದೂ ಸರಿಯೇ.

ಊರ ನಡುವಿನ ಕರೀನೇಜ್ ಎಂಬ ಹಳೆಯ ಹಡಗುಕಟ್ಟೆಯಲ್ಲಿ ಕಳೆದದ್ದು ಅರ್ಧ ಗಂಟೆ. ಹಿಂದೆ ಹಾಯಿಹಡಗುಗಳನ್ನು ಇಲ್ಲಿ ಪಕ್ಕಕ್ಕೆ ವಾಲಿಸಿ ತಳಕ್ಕಂಟಿದ ಚಿಪ್ಪು ಕೆರೆಯುತ್ತಿದ್ದರಂತೆ, ಹೆಸರು ಬಂದದ್ದೂ ಅದರಿಂದಲೇ. ಗಂಗೊಳ್ಳಿಯ ದಂಡೆಯಲ್ಲಿ ಮಗುಚಿ ಹಾಕಿದ ದೋಣಿಗಳನ್ನು ನೋಡಿದವರಿಗೆ ವಿವರಿಸಬೇಕಿಲ್ಲ. ಪಕ್ಕದ ಚೌಕದಲ್ಲಿದ್ದ ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಪ್ರತಿಮೆಯನ್ನು 2020ರ ನವೆಂಬರಿನಲ್ಲಿ ಇಳಿಸಿದ್ದಾರೆ. ಮರುವರ್ಷದ ನವೆಂಬರಿನಲ್ಲಿ ದೇಶ ಗಣರಾಜ್ಯವಾಯಿತು. ಬೆಳಗಿನ ಟೂರ್ ಈ ಚೌಕದ ಹತ್ತಿರಕ್ಕೂ ಬಂದಿರಲಿಲ್ಲ.

ಅಲ್ಲಿಂದ ಕೊಲ್ಲಿಗೆ ಕಂದು ಪಟ್ಟಿಯ ಬಿಳಿ ವ್ಯಾನು ಹತ್ತಿದೆವು. ನಂಬರ್ ಪ್ಲೇಟಿನಲ್ಲಿ ಝಡ್‌ಆರ್ ಎಂದಿರುತ್ತದೆ. ಎಲ್ಲಿಗೆ ಹೋದರೂ ತಲೆಗೆ ಮೂರೂವರೆ ಬಾರ್ಬಡೋಸ್ ಡಾಲರ್. ನಮ್ಮ ಮ್ಯಾಕ್ಸಿಕ್ಯಾಬಿನಂತೆಯೇ: ಮೂವರ ಸೀಟಿಗೆ ನಾಲ್ವರು, ಎದೆ ಅದುರಿಸುವ ಹಾಡು, ಬಾಗಿಲಲ್ಲಿ ಜೋತು ಕರೆಯುವ ಹುಡುಗ. ಇವಳಿಗೆ ದಿನದ ಅತ್ಯುತ್ತಮ ಏಳು ನಿಮಿಷ ಅದೇ.

ಕೊಲ್ಲಿಯಲ್ಲಿ ಅಳಿಯ ಸಪ್ಪೆ ಮುಖ ಮಾಡಿ ಕುಳಿತಿದ್ದ. ಎರಡು ಕುರ್ಚಿ, ಒಂದು ಛತ್ರಿಗೆ ಬಾಡಿಗೆಯವನು "ಇಪ್ಪತ್ತು ಡಾಲರ್" ಎಂದಿದ್ದನಂತೆ. ಹೊರಡುವಾಗ ಇಪ್ಪತ್ತು ಅಮೆರಿಕನ್ ಡಾಲರ್ ಕೇಳಿದ. ಎರಡು ಬಾರ್ಬಡೋಸ್ ಡಾಲರ್ ಎಂದರೆ ಒಂದು ಅಮೆರಿಕನ್ ಡಾಲರ್, 1975ರಿಂದ ಬದಲಾಗದ ದರ. ಎಲ್ಲರೂ ಎರಡನ್ನೂ ಬರೀ ಡಾಲರ್ ಎನ್ನುತ್ತಾರೆ. ಹಾಗಾಗಿ ಕೂರುವ ಮೊದಲೇ ಯಾವ ಡಾಲರ್ ಎಂದು ಬಾಯಿ ಬಿಟ್ಟು ಕೇಳಿ. ನಾನು ಜಗಳಕ್ಕೆ ಸಿದ್ಧನಾಗಿದ್ದೆ, ಮಗಳು ಬಿಡಲಿಲ್ಲ. ಆಮೆ ಕಂಡಿದ್ದರಿಂದ ಮೊಮ್ಮಗನಿಗೆ ಯಾವ ಡಾಲರ್ ಆದರೂ ಒಂದೇ.

ಉಳಿದ ಚಿಲ್ಲರೆ ಹಡಗಿನಲ್ಲಿ ನಡೆಯುವುದಿಲ್ಲ, ಬಂದರಿನಲ್ಲೇ ಮುಗಿಸಿ. ನಮ್ಮ ಹತ್ತಿರ ಹಾರುಮೀನಿನ ಒಂದು ನಾಣ್ಯ ಉಳಿಯಿತು, ಹುಣಸೆ ಉಂಡೆ ನಾಲ್ಕು. ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ಇವಳು ಅವಕ್ಕೆ ಹುರಿದ ಜೀರಿಗೆ ಪುಡಿ ಉದುರಿಸಿ, ನನಗೆ ಒಂದನ್ನು ಮಾತ್ರ ಕೊಟ್ಟಳು.