ಯಾಣ, ಜೋಗದ ಶೂಟಿಂಗ್ ಜಾಗ ತೋರಿಸುವ ಶಿರಸಿಯ ಬಾಡಿಗೆ ಕಾರು

ಶಿರಸಿಯಲ್ಲಿ ಒಬ್ಬ ಡ್ರೈವರ್ ಇದ್ದಾರೆ. ಸಿನಿಮಾ ಶೂಟಿಂಗ್ ಆದ ಜಾಗಗಳನ್ನು ಬಾಡಿಗೆ ಕಾರಿನಲ್ಲಿ ತೋರಿಸಿಕೊಂಡು ಬರುತ್ತಾರೆ. ಬೆಳಿಗ್ಗೆ ಯಾಣ, ಮಧ್ಯಾಹ್ನ ಊಟ, ಸಂಜೆ ಜೋಗ. ನಾಲ್ಕು ಜನಕ್ಕೆ ಊಟ ಸೇರಿ 4,500 ರೂಪಾಯಿ. ದಾವಣಗೆರೆಯಿಂದ ಬಂದ ನಾದಿನಿ, ಅವಳ ಗಂಡ, ಕಾಲೇಜು ಓದುವ ಮಗಳು, ಜೊತೆಗೆ ನಾನು ಹೋಗಿದ್ದೆವು. ಯಾಣದ ಮಟ್ಟಿಗೆ ಈ ಡ್ರೈವರ್‌ಗಿಂತ ಒಳ್ಳೆಯ ಜೊತೆ ಸಿಗಲಿಕ್ಕಿಲ್ಲ. ಜೋಗದ ವಿಷಯ ಬೇರೆ.

ನಾದಿನಿ 'ನಮ್ಮೂರ ಮಂದಾರ ಹೂವೆ' ನೋಡಿ ಬೆಳೆದವಳು. ಯಾಣದಲ್ಲಿ ಶೂಟಿಂಗ್ ಆದ 1996ರ ಚಿತ್ರ, ಸುನೀಲ್‌ಕುಮಾರ್ ದೇಸಾಯಿ ನಿರ್ದೇಶನ, ಇಳಯರಾಜ ಸಂಗೀತ. ಅದಕ್ಕೂ ಮೊದಲು ಯಾಣ ಅಂದರೆ ನಮಗೆ ಶಿವರಾತ್ರಿ ಜಾತ್ರೆಯ ದೇವಸ್ಥಾನ. 'ಸೊಕ್ಕಿದ್ದವರಿಗೆ ಯಾಣ, ರೊಕ್ಕಿದ್ದವರಿಗೆ ಗೋಕರ್ಣ' ಅನ್ನೋ ಗಾದೆ ಸುಮ್ನೆ ಹುಟ್ಟಿದ್ದಲ್ಲ. ಆ ಕಾಡಿನಲ್ಲಿ ನಡೆದು ಹೋಗಲು ಮೈಯಲ್ಲಿ ಕಸುವು ಬೇಕಿತ್ತು. ಸಿನಿಮಾ ಬಂದ ಮೇಲೆ ಎಲ್ಲೆಲ್ಲಿಂದಲೋ ಜನ ಹುಡುಕಿಕೊಂಡು ಬಂದರು. ಈಗ ಗಾಡಿ ಸಾಕಷ್ಟು ಹತ್ತಿರದವರೆಗೂ ಹೋಗುತ್ತದೆ. ಆಮೇಲೆ ಕಾಡಿನ ನಡಿಗೆ, ಕೊನೆಗೆ ಮೆಟ್ಟಿಲು.

ನಾನು ಶಾಲೆಯಲ್ಲಿ ಕಲಿಸಿದವಳು ಅಂತ ಗೊತ್ತಾದದ್ದೇ ತಡ, ಡ್ರೈವರ್ "ಅಕ್ಕೋರೆ" ಅಂತ ಶುರು ಮಾಡಿದರು. ಕಾರು ನಿಲ್ಲಿಸಿ ಮೊದಲು ಹೇಳಿದ ಮಾತು ಇದು: "ಅಕ್ಕೋರೆ, ಮೇಲೆ ಹೋದ ಮೇಲೆ ಕೂಗೋದು, ಸಿಳ್ಳೆ ಹಾಕೋದು ಬೇಡ. ಹೆಜ್ಜೇನು ಇದೆ." ತಲೆ ಎತ್ತಿ ನೋಡಿದರೆ ಹೌದು, ಭೈರವೇಶ್ವರ ಶಿಖರದ ಕಪ್ಪು ಮೈಗೆ ಜೇನುತಟ್ಟಿಗಳು ಅಲ್ಲಲ್ಲಿ ಜೋತುಬಿದ್ದಿದ್ದವು. ಆ ಬಂಡೆ 120 ಮೀಟರ್ ಎತ್ತರ. ಪಕ್ಕದ ಮೋಹಿನಿ ಶಿಖರ 90 ಮೀಟರ್. ಹುಡುಗಿ ಮೊಬೈಲ್ ಹಿಡಿದು ಒದ್ದಾಡಿದಳು. ಬುಡ ಸಿಕ್ಕರೆ ತುದಿ ಇಲ್ಲ, ತುದಿ ಸಿಕ್ಕರೆ ಬುಡ ಇಲ್ಲ. ಡ್ರೈವರ್ ಅವಳನ್ನು ದಾರಿಯ ಒಂದು ತಿರುವಿಗೆ ವಾಪಸ್ ಕರೆದೊಯ್ದು ಮರಗಳ ಸಂದಿಯಲ್ಲಿ ನಿಲ್ಲಿಸಿದರು. ಅಲ್ಲಿಂದ ಬಂಡೆ ಪೂರ್ತಿ ಕಂಡಿತು.

ಫೋಟೊ ಆಯಿತು. "ಇನ್ನು ಫೋನ್ ಒಳಗಿಡು ತಂಗಿ" ಅಂದು ಎಲ್ಲರನ್ನೂ ಗುಹೆಯ ಕಡೆ ಹೊರಡಿಸಿದರು. ನನಗೆ ಇದೇ ತುಂಬಾ ಹಿಡಿಸಿದ್ದು. ಒಳಗೆ ಕಾಲಿಟ್ಟರೆ ಕಲ್ಲು ತಣ್ಣಗೆ. ಮೇಲಿನಿಂದ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. ಬಂಡೆಗಳ ಸಂದಿಯಲ್ಲಿ ನಿಂತು ಮೇಲೆ ನೋಡಿದರೆ ಆಕಾಶ ಒಂದು ಗೆರೆಯಷ್ಟೇ. ಇದು ಸುಣ್ಣಕಲ್ಲು, ನೀರು ಕೊರೆದು ಕೊರೆದು ಅಂಚೆಲ್ಲ ಚೂಪಾಗಿದೆ ಅಂತ ಡ್ರೈವರ್ ಕೈಯಿಂದ ಮುಟ್ಟಿಸಿ ತೋರಿಸಿದರು. ಭಸ್ಮಾಸುರ ಇಲ್ಲೇ ಸುಟ್ಟು ಬೂದಿಯಾದ, ಅದಕ್ಕೇ ಎಲ್ಲ ಕಪ್ಪು ಅನ್ನೋ ಕಥೆಯನ್ನೂ ಅಷ್ಟೇ ಭಕ್ತಿಯಿಂದ ಹೇಳಿದರು. ಎರಡೂ ಬೇಕು ಅಲ್ವಾ? ಆ ತಂಪು, ಆ ನೀರಿನ ಸದ್ದು ಯಾವ ಸಿನಿಮಾದಲ್ಲೂ ಸಿಗಲ್ಲ. ಹೀರೊ ನಿಂತ ಕಲ್ಲು ತೋರಿಸಿ, ಸೆಲ್ಫಿ ತೆಗೆಸಿ, ಕಾರು ಹತ್ತಿ ಹತ್ತಿ ಅನ್ನುವ ಡ್ರೈವರ್‌ಗಳೇ ಜಾಸ್ತಿ. ಇವರು ಗುಹೆಯಲ್ಲಿ ನಮ್ಮನ್ನು ಸುಮ್ಮನೆ ಕೂರಲು ಬಿಟ್ಟರು. ಕೊಟ್ಟ ದುಡ್ಡು ಅಲ್ಲಿಗೇ ಸಂದಿತು.

ಊಟ ಒಂದು ತೋಟದ ಮನೆಯಲ್ಲಿ. ಅಪ್ಪೆಹುಳಿ, ತಂಬುಳಿ, ಹಲಸಿನ ಹಪ್ಪಳ, ಮುರುಗಲು ಶರಬತ್ತು. ನಾದಿನಿಯ ಗಂಡ ಅಪ್ಪೆಹುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿದರು. "ಇನ್ನೊಂಚೂರು ಹಾಕ್ತಿ ತಮಾ" ಅಂತ ಆ ಮನೆಯ ಅಮ್ಮ ಮತ್ತೆ ಮತ್ತೆ ಬಡಿಸಿದರು.

ಇನ್ನು ಜೋಗ. ಸಿದ್ದಾಪುರ ದಾಟಿ ಸಾಗರ ತಾಲ್ಲೂಕಿಗೆ ಹೋಗಬೇಕು, ದಾರಿ ಸಣ್ಣದಲ್ಲ. ಹುಡುಗಿಯ ತಲೆಯಲ್ಲಿ ಇದ್ದದ್ದು ಯೋಗರಾಜ ಭಟ್ಟರ 2006ರ 'ಮುಂಗಾರು ಮಳೆ'ಯ ಜೋಗ. ನಾವು ಹೋದದ್ದು ಡಿಸೆಂಬರ್. ಮೇಲೆ ಲಿಂಗನಮಕ್ಕಿ ಅಣೆಕಟ್ಟು 1964ರಿಂದ ಶರಾವತಿಯ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಳೆಗಾಲ ಕಳೆದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ಸೊರಗುತ್ತವೆ. ಕಾರು ಗೊತ್ತು ಮಾಡುವಾಗಲೇ ಡ್ರೈವರ್ ಫೋನಿನಲ್ಲಿ ಇದನ್ನು ಬಿಡಿಸಿ ಹೇಳಿದ್ದರು. ಬಾಡಿಗೆ ತಪ್ಪೀತು ಅಂತ ಮುಚ್ಚಿಡಲಿಲ್ಲ, ಅದು ದೊಡ್ಡ ಗುಣ. ಆದರೂ 253 ಮೀಟರ್ ಕಣಿವೆಯನ್ನು ಕತ್ತಲಾಗುವ ಹೊತ್ತಿಗೆ ಓಡೋಡಿ ನೋಡಿದ್ದು ನನಗೆ ಸಮಾಧಾನ ಆಗಲಿಲ್ಲ. ಜೋಗಕ್ಕೆ ಒಂದು ಪೂರ್ತಿ ದಿನ ಬೇಕು, ಅದೂ ಆಗಸ್ಟ್‌ನಲ್ಲಿ.

ಜೋಗದ ಬದಲು ಯಾಣದಿಂದ ಕುಮಟಾ ಕಡೆ ಇಳಿದು ಮಿರ್ಜಾನ್ ಕೋಟೆ ತೋರಿಸಿದರೆ ಎಷ್ಟು ಚೆನ್ನಾಗಿರುತ್ತದೆ! ಪಾಚಿ ಹಿಡಿದ ಕೆಂಪು ಕಲ್ಲಿನ ಗೋಡೆ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಹೊತ್ತ ಜಾಗ. ಸಂಜೆ ಬಿಸಿಲಿಗೆ ಹೇಳಿ ಮಾಡಿಸಿದಂತಿದೆ. ಡ್ರೈವರ್‌ಗೆ ಹೇಳಿದೆ. "ಜನ ಜೋಗಾನೇ ಕೇಳ್ತಾರೆ ಅಕ್ಕೋರೆ" ಅಂದರು. ನೀವು ಕಾರು ಗೊತ್ತು ಮಾಡುವಾಗ ಮಿರ್ಜಾನ್ ಕೇಳಿ, ಕರೆದೊಯ್ಯಲು ಅವರು ತಯಾರಿದ್ದಾರೆ.

ಹಿಡಿತ ಇರುವ ಶೂ ಹಾಕಿ, ಯಾಣದ ಮೆಟ್ಟಿಲು ಒದ್ದೆಯಾದರೆ ಜಾರುತ್ತದೆ. ಮಳೆಗಾಲದಲ್ಲಿ ಉಂಬಳದ (ಜಿಗಣೆ) ಕಾಟ ಇದ್ದೇ ಇದೆ. ಶಿವರಾತ್ರಿ ಜಾತ್ರೆಯ ಹೊತ್ತಿಗೆ ದೇವರನ್ನು ನೋಡಲು ಹೋಗಿ, ಬಂಡೆ ನೋಡಲು ಬೇರೆ ದಿನ ಇಟ್ಟುಕೊಳ್ಳಿ. ನೀರಿನ ಬಾಟಲಿ ಮಾತ್ರ ದಯವಿಟ್ಟು ಅಲ್ಲಿ ಬಿಡಬೇಡಿ. ಡ್ರೈವರ್ ಕಾರಿನಲ್ಲಿ ಒಂದು ಚೀಲ ಇಟ್ಟಿರುತ್ತಾರೆ, ಖಾಲಿ ಬಾಟಲಿ ಅದಕ್ಕೆ ಹಾಕಿ.