ಟರ್ಬೊ ಹಾಕಿಸಿ ನಾಲ್ಕು ವರ್ಷ: ನನ್ನ ಹಳೇ ಹೋಂಡಾ ಸಿಟಿ ಈಗ 6,800 ಆರ್‌ಪಿಎಂ ದಾಟುವುದಿಲ್ಲ

ಕಾರು 2002ರ ಹೋಂಡಾ ಸಿಟಿ 1.5 ವಿಟೆಕ್. ನಾಲ್ಕು ವರ್ಷದ ಹಿಂದೆ ಇದಕ್ಕೆ ಟರ್ಬೊ (ಇಂಜಿನ್ನಿಗೆ ಜಾಸ್ತಿ ಗಾಳಿ ತುರುಕುವ ಪಂಪು) ಕಿಟ್ ಹಾಕಿಸಿದೆ. ಚಿಕ್ಕ ಟರ್ಬೊ, ಇಂಟರ್‌ಕೂಲರ್, ದೊಡ್ಡ ಇಂಜೆಕ್ಟರ್, ಬೇರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್). ಬೂಸ್ಟ್, ಅಂದರೆ ಟರ್ಬೊ ಹೆಚ್ಚಿಗೆ ಕೊಡುವ ಗಾಳಿಯ ಒತ್ತಡ, ಬರೀ 0.4 ಬಾರ್. ಪಿಸ್ಟನ್, ಕ್ರ್ಯಾಂಕ್, ಅವೆರಡನ್ನೂ ಜೋಡಿಸುವ ಕನೆಕ್ಟಿಂಗ್ ರಾಡ್ ಎಲ್ಲ ಕಂಪನಿಯದ್ದೇ. ಇಲ್ಲಿವರೆಗೆ 31,000 ಕಿ.ಮೀ. ಓಡಿದೆ. ಗಂಟೆ ಲೆಕ್ಕ ಹಾಕಿದರೆ ಅರ್ಧ ಆಯಸ್ಸು ಸಿಲ್ಕ್ ಬೋರ್ಡ್‌ನಲ್ಲೇ ಕಳೆದಿದೆ.

ಕಿಟ್ ಬಗ್ಗೆ ನನಗೆ ದೂರಿಲ್ಲ. ನೈಸ್ ರಸ್ತೆಯಲ್ಲಿ ನಾಲ್ಕನೇ ಗೇರ್‌ನಲ್ಲಿ ಮೂರು ಸಾವಿರ ಆರ್‌ಪಿಎಂನಿಂದ (ನಿಮಿಷಕ್ಕೆ ಇಂಜಿನ್ ತಿರುಗುವ ಸುತ್ತು) ಎಳೆಯುವ ರೀತಿ ಇದೆಯಲ್ಲ, ಅದಕ್ಕೇ ದುಡ್ಡು ಕೊಟ್ಟಿದ್ದು. ತಪ್ಪಾಗಿದ್ದು ಬೇರೆ ಕಡೆ. ಟ್ಯೂನ್ ಮಾಡಿದವರು ರೆವ್ ಲಿಮಿಟರನ್ನು (ಇಂಜಿನ್ ಇಷ್ಟಕ್ಕಿಂತ ಜೋರಾಗಿ ತಿರುಗದಂತೆ ತಡೆಯುವ ಮಿತಿ) 7,600ಕ್ಕೆ ಏರಿಸಿಕೊಟ್ಟರು. ನಾನೂ ಹಲ್ಲು ಕಿರಿದು ಒಪ್ಪಿಕೊಂಡೆ. ವಿಟೆಕ್ (ಜಾಸ್ತಿ ಆರ್‌ಪಿಎಂನಲ್ಲೂ ಚೆನ್ನಾಗಿ ಉಸಿರಾಡಲು ಹೋಂಡಾ ಕೊಟ್ಟ ವಾಲ್ವ್ ವ್ಯವಸ್ಥೆ) ಅಂದ ಮೇಲೆ ಕಿರುಚಬೇಕು ಅಲ್ವಾ?

ಹತ್ತು ಸಾವಿರ ಕಿ.ಮೀ. ಆದ ಮೇಲೆ, ಆಕ್ಸಿಲರೇಟರ್ ಸ್ವಲ್ಪ ಬಿಟ್ಟಾಗ ಕೆಳಗಿನಿಂದ ಟಕ್ ಟಕ್ ಸದ್ದು ಶುರುವಾಯಿತು. ಟರ್ಬೊ ಹಾಕಿದ ಅಂಗಡಿಗೆ ಹೋಗಲಿಲ್ಲ. ಹಳೇ ಮೆಕ್ಯಾನಿಕ್ ಹತ್ತಿರ ಹೋಗಿ ಆಯಿಲ್ ಚೇಂಬರ್ ಬಿಚ್ಚಿಸಿದೆ. ರಾಡಿನ ಕೆಳತುದಿ ಮತ್ತು ಅದಕ್ಕೆ ಬೋಲ್ಟ್ ಹಾಕಿ ಕೂರಿಸುವ ಕ್ಯಾಪ್ ಸೇರಿ ಕ್ರ್ಯಾಂಕನ್ನು ಹಿಡಿಯುತ್ತವೆ; ಒಳಗೆ ಎರಡೂ ಕಡೆ ಅರ್ಧ ಬಳೆಯಂಥ ಬೇರಿಂಗ್ ಶೆಲ್ ಇರುತ್ತದೆ. ಅವರು ಆ ಎರಡು ಶೆಲ್ ತೆಗೆದು ಬಟ್ಟೆ ಮೇಲೆ ಇಟ್ಟರು.

"ನೋಡಿ ಸಾರ್, ರಾಡ್ ಕಡೆದು ಚೆನ್ನಾಗೇ ಇದೆ. ಕ್ಯಾಪ್ ಕಡೆದು ಉಜ್ಜಿದೆ. ನಿಮ್ಮ ಟರ್ಬೊ ಏನೂ ಮಾಡಿಲ್ಲ. ನಿಮ್ಮ ಕಾಲು ಮಾಡಿದೆ."

ಅಲ್ಲಿಂದ ನನ್ನ ಲೆಕ್ಕವೇ ಬದಲಾಯಿತು. ಬೂಸ್ಟ್ ಪಿಸ್ಟನ್ನನ್ನು ಕೆಳಕ್ಕೆ ಒತ್ತುತ್ತದೆ. ಆ ಹೊಡೆತ ರಾಡ್ ಮೇಲೆ ಮತ್ತು ರಾಡ್ ಕಡೆಯ ಶೆಲ್ ಮೇಲೆ ಬೀಳುತ್ತದೆ. ಅತಿಯಾದರೆ ರಾಡ್ ಬಾಗುತ್ತದೆ. ಆರ್‌ಪಿಎಂ ಮಾಡುವುದು ಬೇರೆ ಕೆಲಸ. ಹೊಗೆ ಹೊರದಬ್ಬುವ ಎಕ್ಸಾಸ್ಟ್ ಸ್ಟ್ರೋಕ್ ಮುಗಿದು ಪಿಸ್ಟನ್ ಮೇಲೆ ತಲುಪಿದಾಗ ಅದನ್ನು ತಡೆಯಲು ಮೇಲೆ ಗಾಳಿಯ ಒತ್ತಡ ಇರುವುದಿಲ್ಲ. ರಾಡೇ ಹಿಡಿದು ಕೆಳಕ್ಕೆ ಎಳೆಯಬೇಕು. ಆ ಎಳೆತವನ್ನೆಲ್ಲ ತಾಳುವುದು ಎರಡು ರಾಡ್ ಬೋಲ್ಟ್ ಮತ್ತು ಕ್ಯಾಪ್. ಜಾಸ್ತಿ ರೆವ್‌ನಲ್ಲಿ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಇನ್ನೂ ಕಷ್ಟ, ಒಳಗಿನ ವ್ಯಾಕ್ಯೂಮ್ ಕೂಡ ಪಿಸ್ಟನ್ನನ್ನು ಮೇಲಕ್ಕೇ ಎಳೆಯುತ್ತದೆ.

ಈ ಎಳೆತ ಆರ್‌ಪಿಎಂನ ವರ್ಗದಂತೆ ಏರುತ್ತದೆ. 6,800ರಿಂದ 7,600ಕ್ಕೆ ಹೋದರೆ ಆರ್‌ಪಿಎಂ ಸುಮಾರು 12% ಜಾಸ್ತಿ, ಎಳೆತ 25% ಜಾಸ್ತಿ. ಈ ಇಂಜಿನ್ನಿನ ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಕ್ಕೆ ಓಡುವ ದೂರ) 84.5 ಮಿ.ಮೀ. ಪಿಸ್ಟನ್ನಿನ ಸರಾಸರಿ ವೇಗ 6,800ರಲ್ಲಿ ಸೆಕೆಂಡಿಗೆ 19 ಮೀಟರ್ ಚಿಲ್ಲರೆ, 7,600ರಲ್ಲಿ 21 ದಾಟುತ್ತದೆ. ರೇಸ್ ರಾಡ್, ಎಆರ್‌ಪಿ ಕಂಪನಿಯ ಗಟ್ಟಿ ಬೋಲ್ಟ್ ಹಾಕಿಸಿದವರು ಅಲ್ಲಿಗೆ ಹೋಗಲಿ. ಕಂಪನಿ ಬೋಲ್ಟ್ ಇಟ್ಟುಕೊಂಡು ನಾನು ಹೋಗಲ್ಲ.

ತಮಾಷೆ ಏನೆಂದರೆ, ಡೈನೊ (ಪವರ್ ಅಳೆಯುವ ಯಂತ್ರ) ಗ್ರಾಫ್ ಮನೆಯಲ್ಲೇ ಇತ್ತು. ಪವರ್ 6,300 ಹತ್ತಿರ ತುದಿ ಮುಟ್ಟಿ ಇಳಿಯುತ್ತಿತ್ತು. ಚಿಕ್ಕ ಟರ್ಬೊಗೆ ಅದಕ್ಕಿಂತ ಮೇಲೆ ಉಸಿರಿಲ್ಲ. ಅಂದರೆ ಅಲ್ಲಿಂದಾಚೆ ನಾನು ಕೊನೆಯವರೆಗೆ ಎಳೆಯುತ್ತಿದ್ದುದು ಸುಮ್ನೆ ಸದ್ದಿಗೆ!

ಜೆ.ಸಿ. ರಸ್ತೆಯಿಂದ ಹೊಸ ಶೆಲ್ ತಂದೆವು. ರಾಡ್ ಬೋಲ್ಟ್ ಕೂಡ ಹೊಸದು. ಲಿಮಿಟರ್ 6,800ಕ್ಕೆ ಇಳಿಸಿದೆ. ಆಮೇಲಿನ 21,000 ಕಿ.ಮೀ.ನಲ್ಲಿ ಸದ್ದಿಲ್ಲ. ಆದರೂ ಲಿಮಿಟರ್ ನಂಬಿ ಕೂರಬೇಡಿ. ಅದು ಪೆಟ್ರೋಲ್ ಅಥವಾ ಸ್ಪಾರ್ಕ್ ಕಟ್ ಮಾಡುತ್ತದೆ, ಅಷ್ಟೇ. ಮೂರರಿಂದ ನಾಲ್ಕಕ್ಕೆ ಹಾಕುವಾಗ ಕೈತಪ್ಪಿ ಎರಡಕ್ಕೆ ಬಿದ್ದರೆ ಚಕ್ರಗಳೇ ಇಂಜಿನ್ ತಿರುಗಿಸುತ್ತವೆ. ಸ್ನೇಹಿತನೊಬ್ಬನ ಕಾರಿನ ರಾಡ್ ಹಾಗೇ ಬ್ಲಾಕ್ ತೂತು ಮಾಡಿ ಹೊರಗೆ ಬಂತು.

ಇನ್ನೊಂದು ವಿಷಯ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋದಾಗ ಗೊತ್ತಾಯಿತು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 0.91 ಬಾರ್. ಅದರ ಮೇಲೆ 0.4 ಸೇರಿದರೆ 1.31. ಚೆನ್ನೈಯಲ್ಲಿ ಬೂಸ್ಟ್ ಮಿತಿ ಕಾಯುವ ಅದೇ ಸ್ಪ್ರಿಂಗ್, ಮೀಟರ್‌ನಲ್ಲಿ ಅದೇ 0.4, ಆದರೆ ಒಳಗೆ 1.41. ಜೊತೆಗೆ ಆ ಸೆಖೆ. ಎರಡನೇ ಲ್ಯಾಪ್‌ನಲ್ಲೇ ನಾಕಿಂಗ್ (ಪೆಟ್ರೋಲ್ ಸರಿಯಾಗಿ ಉರಿಯದೆ ಒಮ್ಮೆಲೇ ಸಿಡಿಯುವ ಸದ್ದು) ಕೇಳಿಸಿತು, ನಿಲ್ಲಿಸಿಬಿಟ್ಟೆ. ರಾಡ್ ಕಡೆಯ ಶೆಲ್‌ಗೂ ಪಿಸ್ಟನ್ನಿಗೂ ನಿಜವಾದ ಶತ್ರು ಈ ನಾಕಿಂಗೇ. ಈಗ 95 ಆಕ್ಟೇನ್‌ಗಿಂತ (ನಾಕಿಂಗ್ ತಡೆಯುವ ಶಕ್ತಿಯ ಅಂಕ) ಕಡಿಮೆ ಪೆಟ್ರೋಲ್ ಹಾಕಿಸುವುದಿಲ್ಲ.

ಆಯಿಲ್ 4,000 ಕಿ.ಮೀ.ಗೊಮ್ಮೆ ಬದಲು. ಊರೊಳಗೆ ಮೈಲೇಜ್ 12ರಿಂದ 10ಕ್ಕೆ ಇಳಿದಿದೆ. ಟ್ರಾಫಿಕ್‌ನಲ್ಲಿ ಬಾನೆಟ್ ಮೇಲೆ ದೋಸೆ ಹುಯ್ಯಬಹುದು. ಕಿಟ್‌ಗೆ ನನ್ನ ಅಂಕ 5ಕ್ಕೆ 4, ಅದಕ್ಕೆ ಹಾಕಿಕೊಟ್ಟ ಮೊದಲ ಟ್ಯೂನ್‌ಗೆ 1.

ಕಾನೂನಿನ ತಲೆನೋವು ಬೇರೆ ಇದೆ. ಕಂಪನಿ ಕೊಟ್ಟ ವಿವರ ಬದಲಿಸುವ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಇನ್ಶೂರೆನ್ಸ್‌ನವರೂ ಕ್ಲೇಮ್ ಬಂದಾಗ ಸುಮ್ಮನಿರಲ್ಲ. 2027ಕ್ಕೆ ಆರ್‌ಸಿ ರಿನ್ಯೂವಲ್‌ಗೆ ಆರ್‌ಟಿಒ ಮುಂದೆ ನಿಲ್ಲಬೇಕು. ಹಳೇ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಹಳೇ ಇಸಿಯು ಎರಡೂ ಅಟ್ಟದ ಮೇಲೆ ಗೋಣಿಚೀಲದಲ್ಲಿವೆ.